ಮಗ ಹತ್ತನೇ ಕ್ಲಾಸಿಗೆ ಬರುತ್ತಿದ್ದಾನೆ, ಯಕ್ಷಗಾನ ಕ್ಲಾಸ್ ಬಿಡಿಸಲಾ?

ಬಿಡಿಸಬೇಡಿ. ನಾನು ಬಿಡಿಸಿದ್ದೆ.

ಮಗಳು ಆಗ ಒಂಬತ್ತನೇ ಕ್ಲಾಸು. ನಮ್ಮದು ಪುತ್ತೂರು. ವಾರಕ್ಕೆ ಎರಡು ದಿನ ಶಾಲೆ ಮುಗಿದ ಮೇಲೆ ಅಲ್ಲೇ ಯಕ್ಷಗಾನ ಕಲಿಸುತ್ತಿದ್ದರು. ಊಟಕ್ಕೆ ಕೂತರೂ ಬಟ್ಟಲಿನ ಅಂಚಿಗೆ ತ್ರಿವುಡೆ ತಾಳ ಬಡಿಯುತ್ತಿದ್ದಳು. ಏಳು ಪೆಟ್ಟು, ಮತ್ತೆ ಏಳು. ವಾರ್ಷಿಕೋತ್ಸವಕ್ಕೆ ಅವಳದ್ದು ಅಭಿಮನ್ಯು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಅಲ್ವಾ, ಅದರ ಅರ್ಥವನ್ನು ವೇಷಧಾರಿಯೇ ಮಾತು ಕಟ್ಟಿ ಹೇಳಬೇಕು. ಗುರುಗಳು ಬರೆದುಕೊಟ್ಟದ್ದರ ಜೊತೆಗೆ, ಸುಭದ್ರೆಯ ಹತ್ತಿರ ಆಡುವ ನಾಲ್ಕು ಮಾತು ಅವಳೇ ಕಟ್ಟಿದ್ದಳು. ಕನ್ನಡಿ ಮುಂದೆ ಹೇಳುವುದು, ಸರಿ ಕಾಣದಿದ್ದರೆ ಬದಲಾಯಿಸುವುದು, ಮತ್ತೆ ಹೇಳುವುದು.

ಅಷ್ಟರಲ್ಲಿ ಗಣಿತದಲ್ಲಿ ಮಾರ್ಕ್ಸ್ ಇಳಿಯಿತು. ಎಸೆಸೆಲ್ಸಿಯ 625 ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ. ವಾರ್ಷಿಕೋತ್ಸವದ ಆಟಕ್ಕೆ 15 ದಿನ ಇರುವಾಗ ಬಿಡಿಸಿದೆ.

ಬಿಡಿಸಿದ್ದಕ್ಕಿಂತ ಬಿಡಿಸಿದ ರೀತಿಯೇ ದೊಡ್ಡ ತಪ್ಪು. ಅವಳನ್ನು ಕೇಳಲಿಲ್ಲ. ಗುರುಗಳಿಗೆ ನಾನೇ ಫೋನ್ ಮಾಡಿ, 'ಅವಳಿಗೇ ಈಗ ಆಸಕ್ತಿ ಇಲ್ಲ ಮಾರಾಯ್ರೇ' ಅಂದೆ. ಮುಜುಗರ ಆಗುತ್ತದೆ ಎಂದು ಬಾಯಿಗೆ ಬಂದ ಸುಳ್ಳು. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. 'ನನಗೆ ಇಷ್ಟ ಇಲ್ಲ' ಎಂದು ನಾನು ಹೇಳಿದ್ದರೆ ನನ್ನ ಮೇಲೆ ಸಿಟ್ಟು ಮಾಡಿಕೊಂಡು ನಾಲ್ಕು ದಿನಕ್ಕೆ ಸುಮ್ಮನಾಗುತ್ತಿದ್ದಳು. ತಪ್ಪನ್ನು ಅವಳ ಮೇಲೆ ಹಾಕಿದ್ದರಿಂದ ಅವಳಿಗೆ ಗುರುಗಳ ಮುಖ ನೋಡಲಾಗಲಿಲ್ಲ. ಶಾಲೆಯಲ್ಲಿ ವಾರಕ್ಕೆ ಎರಡು ಸಲ ಎದುರು ಸಿಗುವವರು. ಅವರನ್ನು ಕಂಡರೆ ಬೇರೆ ಮೆಟ್ಟಿಲು ಇಳಿಯುತ್ತಿದ್ದಳಂತೆ. ಕ್ಲಾಸಲ್ಲಿ ಕೈ ಎತ್ತುವುದನ್ನೂ ಬಿಟ್ಟಿದ್ದಾಳೆ ಎಂದು ಟೀಚರ್ ಹೇಳಿದರು. ಇಷ್ಟೆಲ್ಲ ಮಾಡಿ ಗಣಿತಕ್ಕೆ ಸಿಕ್ಕಿದ್ದು ವಾರಕ್ಕೆ ಎರಡು ಗಂಟೆ.

ಟ್ಯೂಷನ್‌ಗೆ ಬಿಡಲು ಬಾಲವನದ ದಾರಿಯಲ್ಲೇ ಹೋಗುತ್ತಿದ್ದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳನ್ನು ಕುಣಿಸಿ, ನಾಟಕ ಆಡಿಸಿ ಕಲಿಸಿದ ಜಾಗ. ಹಿಂದಿನ ಸೀಟಲ್ಲಿ ಮಗಳು ಮಾತಿಲ್ಲದೆ ಕೂತಿರುತ್ತಿದ್ದಳು. ನನಗೆ ಒಂದು ದಿನವೂ ಏನೂ ಅನ್ನಿಸಲಿಲ್ಲ.

'ಯಕ್ಷಗಾನದಿಂದ ಮಾರ್ಕ್ಸ್‌ಗೆ ಉಪಯೋಗ ಇದೆಯಾ' ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಾನೇ ಕಟ್ಟಿದ ಮಾತನ್ನು ನೂರಾರು ಜನರ ಎದುರು ನಿಂತು ಹೇಳಲು ಕಲಿಯುವುದೂ ಓದೇ. ಅದನ್ನು ಗಣಿತದ ತಕ್ಕಡಿಯಲ್ಲಿ ಯಾಕೆ ತೂಗಬೇಕು?

ಪರೀಕ್ಷೆ ಹತ್ತಿರ ಬಂದಾಗ ಒಂದು ತಿಂಗಳು ರಜೆ ಬೇಕಾದರೆ ಕೇಳಿ, ಗುರುಗಳು ಕೊಡ್ತಾರೆ. ಆದರೆ ಆ ಫೋನ್ ನಿಮ್ಮ ಮಗನೇ ಮಾಡಲಿ.