ಲ್ಯಾಬಲ್ಲಿ 20 ಉಬುಂಟು ಮೆಷಿನ್ ಇದೆ, ಅಪ್‌ಡೇಟ್ ಬಂದ್ರೆ ನೆಟ್ ಕೂತ್ಬಿಡುತ್ತೆ, ಏನ್ ಮಾಡೋದು?

ಸೋಮವಾರಪೇಟೆಲಿ ನಂದೊಂದು ಸಣ್ಣ ಕಂಪ್ಯೂಟರ್ ಕ್ಲಾಸ್ ಇದೆ ಸರ್, 14 ಮೆಷಿನ್, ಎಲ್ಲಾ ಉಬುಂಟು 22.04. ನಮ್ದೂ ಇದೇ ಗೋಳಿತ್ತು, ಒಂದೇ ಕರ್ನಲ್ (ಓಎಸ್‌ನ ತಿರುಳು) ಅಪ್‌ಡೇಟನ್ನ 14 ಮೆಷಿನ್ನೂ ಬೇರೆ ಬೇರೆ ಎಳ್ಕೊಳ್ತಿದ್ವು, ಅದೂ ಜುಲೈ ಮಳೇಲಿ ಮರ ಬಿದ್ದು ಫೈಬರ್ ಕಟ್ಟಾಗಿ ನನ್ ಮೊಬೈಲ್ ಹಾಟ್‌ಸ್ಪಾಟಲ್ಲಿ ಕ್ಲಾಸ್ ನಡೀತಿರೋವಾಗ. ಮಧ್ಯಾಹ್ನದೊಳಗೆ ಡೇಟಾ ಖಾಲಿ.

ಪೂರ್ತಿ ಮಿರರ್ (ಉಬುಂಟು ಸರ್ವರಲ್ಲಿರೋ ಎಲ್ಲಾ ಪ್ಯಾಕೇಜುಗಳ ಕಾಪಿ) ಇಟ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, 20 ಮೆಷಿನ್‌ಗೆ ನೂರಾರು ಜಿಬಿ ಇಳಿಸೋದು ಒಂದ್ ಲೋಟ ಕಾಫಿಗೆ ತೋಟಾನೇ ತಗೊಂಡಂಗೆ. ಆ್ಯಪ್ಟ್-ಕ್ಯಾಶರ್-ಎನ್‌ಜಿ ಸಾಕು, ಒಂದ್ಸಲ ಇಳಿದ ಪ್ಯಾಕೇಜನ್ನ ಇಟ್ಕೊಂಡು ಬೇರೆ ಮೆಷಿನ್‌ಗೂ ಕೊಡೋ ಸಾಫ್ಟ್‌ವೇರ್ ಅದು. ಯಾವಾಗ್ಲೂ ಆನ್ ಇರೋ ಒಂದ್ ಹಳೇ ಮೆಷಿನ್‌ಗೆ ಹಾಕಿ, ರೂಟರಲ್ಲಿ ಅದರ ಐಪಿ ಫಿಕ್ಸ್ ಮಾಡಿ, ಉಳಿದವುಗಳ ಆ್ಯಪ್ಟ್ (ಉಬುಂಟುಲಿ ಪ್ಯಾಕೇಜ್ ಇಳಿಸಿ ಹಾಕೋ ಟೂಲ್) ಕಾನ್ಫಿಗಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ ಅಂತ ಆ ಐಪಿನೂ ಪೋರ್ಟ್ 3142 ಅನ್ನೂ ಕೊಡಿ, ಒಂದೇ ಲೈನು. ಮೊದ್ಲು ಕೇಳಿದ ಮೆಷಿನ್‌ಗೆ ಮಾತ್ರ ಪ್ಯಾಕೇಜ್ ನೆಟ್‌ನಿಂದ ಬರುತ್ತೆ, ಮಿಕ್ಕವಕ್ಕೆ ಲ್ಯಾನ್‌ನಲ್ಲೇ ಸಿಗುತ್ತೆ. ಎನ್‌ಕ್ರಿಪ್ಶನ್ ಇಲ್ದ ಬರೀ ಎಚ್‌ಟಿಟಿಪಿ ಅಂತ ಹೆದರ್ಬೇಡಿ, ರೆಪೋದ (ಪ್ಯಾಕೇಜ್ ಸಿಗೋ ಸರ್ವರಿನ) ಡಿಜಿಟಲ್ ಸಹಿನ ಆ್ಯಪ್ಟ್ ಹೆಂಗಿದ್ರೂ ಚೆಕ್ ಮಾಡುತ್ತೆ.

ಎರಡು ಕಡೆ ಕೈ ಕೊಡುತ್ತೆ. ಫೈರ್‌ಫಾಕ್ಸ್ 22.04ರಲ್ಲಿ ಸ್ನ್ಯಾಪ್ (ಆ್ಯಪ್ಟ್ ಅಲ್ದ ಬೇರೆ ಥರದ ಪ್ಯಾಕೇಜ್), ಅದು ಈ ದಾರೀಲಿ ಬರಲ್ಲ, ನಾನಂತೂ ಅದನ್ನ ರಾತ್ರಿ ಹೊತ್ತಿಗೆ ಶೆಡ್ಯೂಲ್ ಮಾಡಿಟ್ಟಿದೀನಿ. ಇನ್ನೊಂದು, ಎಚ್‌ಟಿಟಿಪಿಎಸ್ ರೆಪೋ ಸೇರ್ಸಿದ್ರೆ ಎರರ್ ಹೊಡೆಯುತ್ತೆ, ಕ್ಯಾಶರ್ ಕಾನ್ಫಿಗಲ್ಲಿ ಪಾಸ್‌ಥ್ರೂ ಪ್ಯಾಟರ್ನ್ (ಯಾವ ಸೈಟನ್ನ ಹಂಗೇ ಬಿಡ್ಬೇಕು ಅನ್ನೋ ಸಾಲು) ಹಾಕ್ಬೇಕು, ಆಗ ಹಾದು ಹೋಗುತ್ತೆ ಆದ್ರೆ ಕ್ಯಾಶ್ ಆಗಲ್ಲ.

ಇನ್ನು ಇನ್‌ಸ್ಟಾಲ್ ವಿಷ್ಯ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ತಾನಾಗೇ ಅಪ್‌ಡೇಟ್ ಹಾಕೋದು) ಸೆಕ್ಯುರಿಟಿಗೆ ಮಾತ್ರ ಇರ್ಲಿ, ಉಳಿದಿದ್ದು ಮೊದ್ಲು ಒಂದೇ ಮೆಷಿನ್‌ಗೆ ಹಾಕಿ, ಮಾರನೇ ದಿನ ಪ್ರಿಂಟರ್, ಕನ್ನಡ ಟೈಪಿಂಗ್ ಎಲ್ಲಾ ಸರಿ ಇದ್ರೆ ಆನ್ಸಿಬಲ್‌ನಲ್ಲಿ (ಒಂದೇ ಕಡೆಯಿಂದ ಎಲ್ಲಾ ಮೆಷಿನ್‌ಗೂ ಕಮಾಂಡ್ ಕಳ್ಸೋ ಟೂಲ್) ಮಿಕ್ಕವಕ್ಕೆ ತಳ್ಳಿ. ಅದು ಡೀಫಾಲ್ಟಾಗಿ ಒಂದ್ಸಲಕ್ಕೆ 5 ಮೆಷಿನ್ ಹಿಡಿಯುತ್ತೆ, ನಂಗೆ ಅದೇ ವಾಸಿ, ಯಾಕಂದ್ರೆ ಒಂದ್ಸಲ 14ಕ್ಕೂ ಒಟ್ಟಿಗೆ ಓಡಿಸ್ದೆ, ಅರ್ಧದಲ್ಲಿ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಮೊದ್ಲೇ ಸತ್ತಿತ್ತು. ಹಂಗೇನಾದ್ರೂ ಆದ್ರೆ ಡಿಪಿಕೆಜಿ (ಆ್ಯಪ್ಟ್ ಒಳಗೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಟೂಲ್) ಕಮಾಂಡನ್ನ ಕಾನ್ಫಿಗರ್ ಆಪ್ಷನ್ ಜೊತೆ ಓಡ್ಸಿ ಪೆಂಡಿಂಗ್ ಇರೋದನ್ನೆಲ್ಲ ಮುಗಿಸ್ಕೊಳ್ಳಿ, ನಂಗೆ 14ರಲ್ಲಿ 12 ಎದ್ವು, ಎರಡಕ್ಕೆ ಮಾತ್ರ ಪೆನ್‌ಡ್ರೈವ್ ಹಾಕಿ ಹೊಸದಾಗಿ ಉಬುಂಟು ಇಳಿಸ್ಬೇಕಾಯ್ತು.