"ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕು"

ಕೊಡಗಿನ ತೋಟದ ಮನೆಗಳಲ್ಲಿ ಈ ಮಾತನ್ನು ವಯಸ್ಸಾದವರಿಗಿಂತ ಜಾಸ್ತಿ ಅವರನ್ನು ನೋಡಿಕೊಳ್ಳುವವರ ಬಾಯಲ್ಲೇ ಕೇಳುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಒಬ್ಬ ಮಹಿಳೆ, ಐವತ್ತು ದಾಟಿದೆ. ಅತ್ತೆಗೆ ಮರೆವಿನ ಕಾಯಿಲೆ. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಬಂದಿದ್ದರು. ಒಂದು ದಿನ ಬ್ಯಾಗಿನಿಂದ ಕನ್ನಡಕ ತೆಗೆಯುವಾಗ ಬಿ.ಪಿ. ಮಾತ್ರೆಯ ಸ್ಟ್ರಿಪ್ ಕೆಳಗೆ ಬಿತ್ತು. ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ.

"ಮರೆತುಹೋಯ್ತಾ?"

"ಇಲ್ಲ ಮೇಡಂ, ಬೇಕಂತಲೇ ಬಿಟ್ಟಿದ್ದೀನಿ. ಅತ್ತೆ ತರ ಬದುಕಿ, ಮಗಳ ಕೈಲಿ ಇದನ್ನೆಲ್ಲ ಮಾಡಿಸೋದು ಬೇಡ. ಹಾರ್ಟ್ ಅಟ್ಯಾಕ್ ಆಗಿ ಹೋದ್ರೆ ಒಳ್ಳೇದಲ್ವಾ?"

ಜೀವ ಕಳೆದುಕೊಳ್ಳುವ ಯೋಚನೆ ಇದೆಯಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಆಮೇಲೆ ಹೇಳಿದೆ: "ಬಿ.ಪಿ. ನೀವು ಕೇಳಿದ ಹಾಗೆ ಒಂದೇ ಏಟಿಗೆ ಕರೆದುಕೊಂಡು ಹೋಗುತ್ತೆ ಅಂತ ಹೇಳೋಕಾಗಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿಸಬಹುದು. ನಡುವಯಸ್ಸಲ್ಲಿ ಬಿ.ಪಿ. ಜಾಸ್ತಿ ಇದ್ದರೆ ಮುಂದೆ ಮರೆವಿನ ಕಾಯಿಲೆ ಬರೋ ಸಾಧ್ಯತೆಯೂ ಹೆಚ್ಚು."

ಅವರು ತುಂಬ ಹೊತ್ತು ಸ್ಟ್ರಿಪ್ಪನ್ನೇ ನೋಡುತ್ತಾ ಕೂತರು.

ಹೆದರಿಸಿಬಿಟ್ಟಿರಿ ಅಂತ ಒಬ್ಬ ಸಹೋದ್ಯೋಗಿ ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಸುಮ್ನೆ ಧೈರ್ಯ ಹೇಳಿ ಕಳಿಸಿದ್ದರೆ ಅವರು ಮಾತ್ರೆ ಮುಟ್ಟುತ್ತಿರಲಿಲ್ಲ.

ಅತ್ತೆ ಮೊದಲು ಹೇಗಿದ್ದರು ಅಂತ ಕೇಳಿದೆ. "ಎಪ್ಪತ್ತೆಂಟರವರೆಗೂ ಕಣದಲ್ಲಿ ನಿಂತು ಕಾಫಿ ಹರವಿಸ್ತಿದ್ರು. ಮೋಡ ಕಂಡ್ರೆ ನಮಗಿಂತ ಮೊದ್ಲು ಟಾರ್ಪಾಲ್ ಎಳೀತಿದ್ರು." ಆ ವರ್ಷಗಳೂ ಮುಪ್ಪೇ ಅಲ್ವಾ ಅಂದೆ. ಹಗಲು ರಾತ್ರಿ ಕಾಯಿಲೆಯನ್ನೇ ನೋಡುವವರಿಗೆ ಅದು ನೆನಪಾಗುವುದೇ ಇಲ್ಲ.

ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು ಎಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿದೆ. ಅದನ್ನು ಹಿಡಿದುಕೊಂಡು "ಪಾಸಿಟಿವ್ ಆಗಿರಿ" ಎನ್ನುವವರಿದ್ದಾರೆ. ರಾತ್ರಿ ಮತ್ತೆ ಮತ್ತೆ ಎದ್ದು ಹಾಸಿಗೆ ಬಟ್ಟೆ ಬದಲಿಸುವವರಿಗೆ ದಯವಿಟ್ಟು ಹಾಗೆ ಹೇಳಬೇಡಿ. ಮೊದಲು ಅವರಿಗೆ ನಿದ್ದೆ ಮಾಡಲು ಬಿಡಿ.

ಹಾಗಾಗಿ ನನ್ನ ಸಲಹೆ ಇಷ್ಟೇ ಇತ್ತು. ಡಾಕ್ಟರ್ ಹತ್ತಿರ ಬಿ.ಪಿ. ತೋರಿಸಿ, ಮಾತ್ರೆ ಮತ್ತೆ ಶುರು ಮಾಡಿ. ವಾರಕ್ಕೆ ಎರಡು ರಾತ್ರಿ ಹೋಂ ನರ್ಸ್ ಇಟ್ಟುಕೊಳ್ಳಿ. ಖರ್ಚಿನಲ್ಲಿ ಬೆಂಗಳೂರಿನ ನಾದಿನಿಯೂ ಪಾಲು ಕೊಡಲಿ. ಹಿರಿಯರ ಪೋಷಣೆಯ 2007ರ ಕಾಯ್ದೆ ಮಗ, ಮಗಳು ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ. ಅದರ ಮಕ್ಕಳ ಪಟ್ಟಿಯಲ್ಲಿ ಸೊಸೆಯ ಹೆಸರೇ ಇಲ್ಲ. ನಿಮ್ಮ ಕೊನೆಗಾಲ ಎಲ್ಲಿ, ಯಾರ ಜೊತೆ, ಯಾವ ದುಡ್ಡಲ್ಲಿ ಅಂತ ಮಗಳ ಹತ್ತಿರ ಈಗಲೇ ಮಾತಾಡಿ.

"ಹೊರಗಿನವರ ಕೈಗೆ ಅತ್ತೇನ ಕೊಟ್ಟಳು" ಅಂತ ನೆಂಟರು ಆಡಿಕೊಂಡರು. ನಾದಿನಿ ಮಾತ್ರ ತಕರಾರಿಲ್ಲದೆ ದುಡ್ಡು ಕಳಿಸುತ್ತಿದ್ದಾರೆ. ಇವರು ಮಾತ್ರೆ ತಗೊಳ್ಳುತ್ತಿದ್ದಾರೆ. ಮಗಳ ಜೊತೆ ಇನ್ನೂ ಮಾತಾಡಿಲ್ಲ.