ಎಲ್ಲ ಮೊದಲೇ ನಿಶ್ಚಯವಾಗಿದ್ದರೆ ಗ್ರೀಕ್ ನಾಟಕದ ರಾಜ ಈಡಿಪಸ್‌ನ ತಪ್ಪೇನು? ವಿಧಿಯೋ, ಇಚ್ಛೆಯೋ, ಒಂದು ಹೇಳಿ ಎಂದು ಕೇಳಿದ್ದೀರಿ.

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಗ್ರೀಕ್ ನಾಟಕಗಳನ್ನು ಬಹಳ ಕಾಲ ತಪ್ಪಾಗಿ ಓದಿದೆ. ಎಡವಿದ್ದು ಒಂದೇ ಪದದಲ್ಲಿ. ‘ಮೊಯ್ರಾ’ ಎಂಬ ಗ್ರೀಕ್ ಪದ ಕಂಡಲ್ಲೆಲ್ಲ ‘ಹಣೆಬರಹ’ ಎಂದುಕೊಳ್ಳುತ್ತಿದ್ದೆ. ಹಣೆಬರಹ ಅಂದಕೂಡಲೇ ಬರೆದವನೊಬ್ಬ ಬರುತ್ತಾನೆ, ಅಳಿಸಲಾಗದ ಅಕ್ಷರ ಬರುತ್ತದೆ, ಮನುಷ್ಯ ಸೂತ್ರದ ಗೊಂಬೆಯಾಗುತ್ತಾನೆ. ಆದರೆ ಮೊಯ್ರಾ ಅಂದರೆ ಪಾಲು. ಹೋಮರನ ಮಹಾಕಾವ್ಯ ಒಡಿಸ್ಸಿಯ 3ನೇ ಸರ್ಗದಲ್ಲಿ ಪೈಲೋಸ್ ಎಂಬ ಊರಲ್ಲಿ ಔತಣದ ಮಾಂಸವನ್ನು ಹಂಚುವಾಗಲೂ ಇದೇ ಪದ. ನಮ್ಮ ‘ಪಾಲಿಗೆ ಬಂದದ್ದು ಪಂಚಾಮೃತ’ದ ಪಾಲು ಇದಕ್ಕೆ ಎಷ್ಟೋ ಹತ್ತಿರ.

ಹೋಮರನದೇ ಇಲಿಯಡ್‌ನ 19ನೇ ಸರ್ಗ ತೆಗೆದು ನೋಡಿ. ವೀರ ಅಕಿಲೀಸ್‌ನಿಂದ ಅವನ ಸೆರೆಯಾಳು ಬ್ರಿಸೇಯಿಸಳನ್ನು ಕಿತ್ತುಕೊಂಡದ್ದಕ್ಕೆ ತಾನು ಕಾರಣನಲ್ಲ, ದೇವರಾಜ ಜ್ಯೂಸ್, ಮೊಯ್ರಾ, ಸೇಡಿನ ದೇವತೆ ಎರಿನಿಸ್ ತನ್ನ ಬುದ್ಧಿ ಕೆಡಿಸಿದರು ಅನ್ನುತ್ತಾನೆ ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್. ಅಷ್ಟಕ್ಕೇ ಕೈ ತೊಳೆದುಕೊಳ್ಳುವುದಿಲ್ಲ. ಅದೇ ಮಾತಿನ ಕೊನೆಗೆ ಭಾರಿ ಪರಿಹಾರ ಕೊಡಲು ಒಪ್ಪುತ್ತಾನೆ. ದೇವರು ಮಾಡಿಸಿದ್ದೂ ಹೌದು, ತೆರಬೇಕಾದವನು ತಾನೂ ಹೌದು. ಹಾಗಾಗಿ ‘ವಿಧಿಯೋ, ಇಚ್ಛೆಯೋ, ಒಂದು ಹೇಳಿ’ ಎಂಬ ನಿಮ್ಮ ಹಟವನ್ನು ನಾನು ಒಪ್ಪುವುದಿಲ್ಲ.

ಈಡಿಪಸ್‌ಗೆ ಡೆಲ್ಫಿಯಲ್ಲಿನ ಅಪೊಲೊ ದೇವರ ಗುಡಿಯ ಭವಿಷ್ಯವಾಣಿ ಹೇಳಿದ್ದು ತಂದೆಯ ಕೊಲೆ, ತಾಯಿಯೊಡನೆ ಮದುವೆ. ಸೋಫೋಕ್ಲಿಸ್‌ನ ನಾಟಕ ಶುರುವಾಗುವ ಹೊತ್ತಿಗೆ ಅವೆರಡೂ ಮುಗಿದಿವೆ. ರಂಗದ ಮೇಲೆ ಅವನು ಮಾಡುವುದು ಹಿಂದಿನ ರಾಜನನ್ನು ಕೊಂದವನಾರು, ತಾನು ಯಾರ ಮಗ ಎಂಬ ವಿಚಾರಣೆ. ಸಾಕು ಮಾಡು ಎಂದು ಹೆಂಡತಿ (ನಿಜಕ್ಕೂ ತಾಯಿ) ಜೊಕಾಸ್ಟಾ ಬೇಡುತ್ತಾಳೆ, ಅವನ ಹುಟ್ಟಿನ ಗುಟ್ಟು ಬಲ್ಲ ಮುದಿ ಕುರುಬ ಅಂಗಲಾಚುತ್ತಾನೆ, ಇವನು ಬಿಡುವುದಿಲ್ಲ. ಕೊನೆಗೆ ಅವಳ ಉಡುಪಿನ ಪಿನ್ನುಗಳಿಂದಲೇ ಕಣ್ಣು ಇರಿದುಕೊಂಡು ಹೇಳುತ್ತಾನೆ: ಈ ಸಂಕಟ ತಂದವನು ಅಪೊಲೊ, ಆದರೆ ಇರಿದ ಕೈ ನನ್ನದೇ.

ಇನ್ನು ‘ತಪ್ಪೇನು’ ಅನ್ನುವುದಕ್ಕೆ ಅರಿಸ್ಟಾಟಲ್ ಬೇಕು. ‘ಇಚ್ಛಾಸ್ವಾತಂತ್ರ್ಯ’ಕ್ಕೆ ಅವನಲ್ಲಿ ಪದ ಹುಡುಕಬೇಡಿ. ಅವನದು ‘ಎಫ್ ಹೆಮಿನ್’, ಅಂದರೆ ‘ನಮ್ಮ ಕೈಲಿರುವುದು’. ಅವನ ನೀತಿಗ್ರಂಥ ನಿಕೊಮೇಕಿಯನ್ ಎಥಿಕ್ಸ್‌ನ 3ನೇ ಪುಸ್ತಕದಲ್ಲಿ ಅವನು ಕೇಳುವುದು ಎರಡೇ: ಕೆಲಸ ಹೊರಟಿದ್ದು ನಿನ್ನೊಳಗಿಂದಲೋ, ಹೊರಗಿನ ಬಲವಂತದಿಂದಲೋ? ಯಾರಿಗೆ, ಏನು ಮಾಡುತ್ತಿದ್ದೇನೆಂದು ತಿಳಿದಿತ್ತೋ? 5ನೇ ಪುಸ್ತಕದಲ್ಲಂತೂ, ಹೊಡೆದದ್ದು ಮನುಷ್ಯನನ್ನು ಎಂದು ಗೊತ್ತಿದ್ದು, ಅವನು ತನ್ನ ತಂದೆ ಎಂದು ಗೊತ್ತಿಲ್ಲದವನ ಉದಾಹರಣೆಯನ್ನೇ ಕೊಡುತ್ತಾನೆ. ಮೂರು ದಾರಿ ಕೂಡುವಲ್ಲಿ ಈಡಿಪಸ್‌ನ ಸ್ಥಿತಿ ಇದೇ. ತಂದೆಯೆಂದು ತಿಳಿಯದೆ, ರಥದಲ್ಲಿದ್ದ ಮುದುಕನನ್ನು ಕೋಲಿನಿಂದ ಹೊಡೆದು ಕೊಂದದ್ದು ಅವನ ಕೈಲಿದ್ದ ಕೆಲಸ. ಪಿತೃಹತ್ಯೆ ಅವನ ಕೈಲಿರಲಿಲ್ಲ.